ಹಳೆಯ ಕಾರ್ಪೆಟ್ ಗೊಬ್ಬರವಾಗುತ್ತದೆಯೇ? ಒಂದು ಸ್ಪಷ್ಟನೆ

‘ಹಳೆಯ ಕಾರ್ಪೆಟ್ಟನ್ನು ಕೈತೋಟದಲ್ಲಿ ಹಾಸಿದರೆ ಕಳೆ ಬೆಳೆಯದು, ಕ್ರಮೇಣ ಅದೇ ಗೊಬ್ಬರವಾಗುತ್ತದೆ’ ಎಂಬ ಸಲಹೆ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಮೊದಲರ್ಧ ತಕ್ಕಮಟ್ಟಿಗೆ ನಿಜ; ಗೊಬ್ಬರದ ಮಾತು ಮಾತ್ರ ಅಪ್ಪಟ ಉಣ್ಣೆ, ಹತ್ತಿ, ಸೆಣಬು ಅಥವಾ ತೆಂಗಿನ ನಾರಿನ ನೆಲಹಾಸುಗಳಿಗಷ್ಟೇ ಅನ್ವಯಿಸುತ್ತದೆ.

ಇಂದು ಅಂಗಡಿಗಳಲ್ಲಿ ಸಿಗುವ ಬಹುಪಾಲು ಕಾರ್ಪೆಟ್‌ಗಳು ನೈಲಾನ್, ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್‌ನವು. ಮಗುಚಿ ನೋಡಿದರೆ ಹಿಂಬದಿಯಲ್ಲಿ ಪ್ಲಾಸ್ಟಿಕ್ ಬಲೆಯೂ, ಸುಣ್ಣಕಲ್ಲಿನ ಪುಡಿ ಬೆರೆಸಿದ ಲೇಟೆಕ್ಸ್ ಅಂಟೂ ಕಾಣುತ್ತವೆ. ಬಿಸಿಲು ಮಳೆಗೆ ಇವು ಕೊಳೆಯುವುದಿಲ್ಲ, ಎಳೆಎಳೆಯಾಗಿ ಬಿಚ್ಚಿಕೊಂಡು ಮಣ್ಣಿನಲ್ಲಿ ಉಳಿದುಬಿಡುತ್ತವೆ. ಅನುಮಾನವಿದ್ದರೆ ಒಂದೇ ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಬಹುದು: ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ, ನೈಲಾನ್ ಕರಗಿ ಗಟ್ಟಿ ಮಣಿಯಾಗುತ್ತದೆ. (ಇಡೀ ಕಾರ್ಪೆಟ್ಟನ್ನು ಸುಡುವುದು ಬೇಡವೇ ಬೇಡ.)

‘ಕಾರ್ಪೆಟ್ ಮರುಬಳಕೆಯೇ ಅಸಾಧ್ಯ’ ಎಂಬ ಇನ್ನೊಂದು ಮಾತೂ ಸರಿಯಲ್ಲ. ನೈಲಾನ್-6 ಎಂಬ ಬಗೆಯ ನೈಲಾನ್ ಎಳೆಯನ್ನು ಅದರ ಮೂಲ ರಾಸಾಯನಿಕವಾದ ಕ್ಯಾಪ್ರೊಲ್ಯಾಕ್ಟಮ್ ಆಗಿ ಒಡೆದು ಹೊಸ ನೂಲು ತೆಗೆಯುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ 2010ರ ಕಾಯ್ದೆಯನ್ವಯ ಕಾರ್ಪೆಟ್ ಖರೀದಿಯ ಮೇಲೆಯೇ ಹಳೆಯವುಗಳ ಸಂಗ್ರಹ, ಮರುಬಳಕೆಗಾಗಿ ಶುಲ್ಕ ವಸೂಲಾಗುತ್ತದೆ. ಅಂಥ ಸಂಗ್ರಹ ವ್ಯವಸ್ಥೆಯಿಲ್ಲದ ಕಡೆ, ಸವೆಯದ ಭಾಗವನ್ನು ಕತ್ತರಿಸಿ ಅಂಚು ಹೊಲಿದು ಕಾಲೊರಸು ಮಾಡಿಕೊಳ್ಳುವುದು ತೋಟದಲ್ಲಿ ಹೂಳುವುದಕ್ಕಿಂತ ಮೇಲು.