ಎರಡೇ ರಾತ್ರಿ ಆದರೆ ಊರಿಗೆ ಹತ್ತಿರದ ಬೀಚ್ ಹಿಡಿಯಿರಿ

ಗ್ರೀಸ್‌ನ ನಾಕ್ಸೋಸ್ ದ್ವೀಪದಲ್ಲಿ ಎರಡು ರಾತ್ರಿಗೆ ಪ್ಲಾಕಾ ಬೀಚ್‌ನ ಹೋಟೆಲೇ ಸರಿ ಅಂತ ಬರೆದಿದ್ದೀರಿ. ಪ್ಲಾಕಾ ಚೆಂದವೇ, ಕಣ್ಣು ಹಾಯುವಷ್ಟು ದೂರ ಮರಳು. ಆದರೆ ದ್ವೀಪದ ಮುಖ್ಯ ಊರಿನ ಬಂದರಿನಿಂದ ಸುಮಾರು 8 ಕಿ.ಮೀ. ಆಗುತ್ತದೆ. ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ದೊಡ್ಡ ಹಡಗಿನಲ್ಲಿ ಐದು ಗಂಟೆ ಕೂತು ಬಂದವರಿಗೆ ಮತ್ತೆ ಬಸ್ಸಿಗೆ ಕಾಯುವುದು ಬೇಸರ, ಅಲ್ವಾ?

ನಾವು ಅಮ್ಮನನ್ನು ಕರೆದುಕೊಂಡು ಹೋದಾಗ ಆಯಿಯೋಸ್ ಯೋರ್ಗಿಯೋಸ್ ಬೀಚ್ ಹತ್ತಿರ ಉಳಿದಿದ್ದೆವು. ಹಡಗಿಳಿದು ಸೂಟ್‌ಕೇಸ್ ಎಳೆದುಕೊಂಡೇ ಕಾಲು ಗಂಟೆಯಲ್ಲಿ ಹೋಟೆಲ್ ಸೇರಿದೆವು. ಅಲ್ಲಿ ನೀರು ತುಂಬ ದೂರದವರೆಗೂ ಆಳವಿಲ್ಲ. ಈಜು ಬಾರದ ಅಮ್ಮ ಸೀರೆ ನೆರಿಗೆ ಎತ್ತಿ ಹಿಡಿದು ಅರ್ಧ ಗಂಟೆ ಸುಮ್ನೆ ನೀರಲ್ಲೇ ನಿಂತಿದ್ದರು. ಆ ಮುಖ ಇನ್ನೂ ಕಣ್ಣ ಮುಂದಿದೆ. ಸಂಜೆ ಪೋರ್ತಾರಾಕ್ಕೂ, ಅಂದರೆ ಅಪೊಲೊ ಗುಡಿಯ ಆ ಅಮೃತಶಿಲೆಯ ಒಂಟಿ ಬಾಗಿಲಿಗೂ, ನಡೆದೇ ಹೋದೆವು.

ಇನ್ನೊಂದು ಮಾತು. ಜುಲೈ, ಆಗಸ್ಟ್‌ನಲ್ಲಿ ಮೆಲ್ಟೆಮಿ ಅನ್ನುವ ಉತ್ತರದ ಗಾಳಿ ಜಾಸ್ತಿ. ಮರಳು ಹಾರಿ ಕಾಲಿಗೆ ಚುಚ್ಚುತ್ತದೆ, ಕೆಲವೊಮ್ಮೆ ಹಡಗೂ ತಡವಾಗುತ್ತದೆ. ಬಂದರು ಹತ್ತಿರವಿದ್ದರೆ ಆಗ ಪರದಾಟ ಕಡಿಮೆ. ನಾಲ್ಕೈದು ದಿನ ಇರುವವರು ಖಂಡಿತ ಪ್ಲಾಕಾಗೆ ಹೋಗಿ.