ಬೀರುವಿನಲ್ಲಿ ಸುಖವಾಗಿರುವ ಗಣಿತ

ಆಟ, ಒಗಟುಗಳ ಮೂಲಕ ಮಕ್ಕಳಿಗೆ ಗಣಿತ ಕಲಿಸಬೇಕು ಅಂತ ಮತ್ತೊಂದು ತರಬೇತಿ ಮುಗಿದಿದೆ. ಬಹಳ ಸಂತೋಷ. ಮೇಷ್ಟ್ರುಗಳು ದಿನವಿಡೀ ಕೂತು ಪಿಪಿಟಿ ನೋಡಿ, ಟೀ ಕುಡಿದು, ಹಾಜರಾತಿಗೆ ಸಹಿ ಹಾಕಿ ಬಂದಿದ್ದಾರೆ. ಅಲ್ಲಿ ಯಾರೂ ಯಾವ ಆಟವನ್ನೂ ಆಡಲಿಲ್ಲ, ಬಿಡಿ.

ಸರ್ಕಾರಿ ಶಾಲೆಗೆ ಕಳಿಸಿರುವ ಗಣಿತದ ಕಿಟ್ ಏನೂ ಕಡಿಮೆಯದಲ್ಲ. ಅಬ್ಯಾಕಸ್, ದಾಳ, ಭಿನ್ನರಾಶಿಯ ಪಟ್ಟಿ, ಮುಳ್ಳು ತಿರುಗಿಸುವ ಗಡಿಯಾರ. ನನಗೆ ಗೊತ್ತಿರುವ ಒಂದು ಶಾಲೆಯಲ್ಲಿ ಅದು ಕವರ್ ಕೂಡ ಬಿಚ್ಚದೆ ಬೀರುವಿನಲ್ಲಿದೆ. ಮಕ್ಕಳ ಕೈಗೆ ಕೊಟ್ಟರೆ ದಾಳ ಕಳೆಯುತ್ತದೆ, ದಾಳ ಕಳೆದರೆ ಸ್ಟಾಕ್ ರಿಜಿಸ್ಟರ್ ತಪ್ಪುತ್ತದೆ, ರಿಜಿಸ್ಟರ್ ತಪ್ಪಿದರೆ ಆಡಿಟ್‌ನವರು ಹೆಡ್ ಮೇಷ್ಟ್ರ ಕುತ್ತಿಗೆಗೆ ಬೀಳುತ್ತಾರೆ. ಹಾಗಾಗಿ ಮಕ್ಕಳಿಗೆ ಲೆಕ್ಕ ಬರದಿದ್ದರೂ ಪರವಾಗಿಲ್ಲ, ದಾಳದ ಲೆಕ್ಕ ಸರಿಯಿರಬೇಕು. ಸಾಹೇಬರು ಬರುವ ದಿನ ಕಿಟ್ ಹೊರಗೆ ಬಂದು, ಫೋಟೊ ತೆಗೆಸಿಕೊಂಡು ಒಳಗೆ ಹೋಗುತ್ತದೆ.

ಆಟದ ಗಣಿತ ನಮಗೇನು ಹೊಸದಾ? ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ 9ನೇ ಶತಮಾನದಲ್ಲೇ ಗಣಿತಸಾರಸಂಗ್ರಹದಲ್ಲಿ ಒಂದು ಲೆಕ್ಕ ಕೊಟ್ಟಿದ್ದಾನೆ. ಗಂಡಹೆಂಡತಿಯ ಸರಸದಲ್ಲಿ ಮುತ್ತಿನ ಹಾರ ಹರಿದು ಮುತ್ತೆಲ್ಲ ಚೆಲ್ಲಾಪಿಲ್ಲಿ, ಒಟ್ಟು ಎಷ್ಟಿದ್ದವು ಹೇಳಿ ಅಂತ. ಈಗ ಪಠ್ಯಕ್ಕೆ ಹಾಕಿ ನೋಡೋಣ. ಪ್ರತಿಭಟನೆ, ಪತ್ರಿಕಾಗೋಷ್ಠಿ, ಪರಿಷ್ಕರಣಾ ಸಮಿತಿ, ಕೊನೆಗೆ ಮುತ್ತಿನ ಜಾಗಕ್ಕೆ ಬಾಳೆಹಣ್ಣು. ಚೆನ್ನೆಮಣೆಯಂತೂ ಇತ್ತೇ ಇತ್ತು. 14 ಗುಳಿಯ ಮಣೆ, ಗುಳಿಗೆ ನಾಲ್ಕು ಕಾಯಿ, ಕಾಯಿ ಅಂದರೆ ಹುಣಸೆಬೀಜ. ಶಾಲೆ ಮೆಟ್ಟಿಲು ಹತ್ತದ ಅಜ್ಜಿಯರೂ ಎಲ್ಲಿಂದ ಎತ್ತಿದರೆ ಎಲ್ಲಿ ಮುಗಿಯುತ್ತದೆ ಅಂತ ಕಣ್ಣಲ್ಲೇ ಎಣಿಸುತ್ತಿದ್ದರು. ಹುಣಸೆಬೀಜಕ್ಕೆ ಟೆಂಡರ್ ಕರೆಯೋಕಾಗಲ್ಲ, ಅದರ ದೋಷ ಅದೊಂದೇ.

2025ರ ಸೆಪ್ಟೆಂಬರ್ 22ಕ್ಕೆ ಶುರುವಾದ ರಾಜ್ಯದ ಸಾಮಾಜಿಕ, ಶೈಕ್ಷಣಿಕ (ಜಾತಿ) ಸಮೀಕ್ಷೆಗೆ ಮನೆಮನೆ ಅಲೆದವರು ಇದೇ ಮೇಷ್ಟ್ರುಗಳು. ಮುಗಿಯಲಿಲ್ಲ ಅಂತ ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಅದಲ್ಲದೆ ಚುನಾವಣೆ ಕೆಲಸ, ಮೊಟ್ಟೆ ಲೆಕ್ಕ, ಹಾಲಿನ ಲೆಕ್ಕ, ಆ್ಯಪ್ ಎಂಟ್ರಿ. ಆಟ ಚೆನ್ನಾಗಿದೆ ಸ್ವಾಮಿ, ಒಗಟೂ ಚೆನ್ನಾಗಿದೆ. ಆಡಿಸೋಕೆ ಒಬ್ಬರು ಬೇಕಲ್ವಾ? ಖಾಲಿ ಹುದ್ದೆ ತುಂಬಿ ಅಂದರೆ ಕಿಟ್ ಕಳಿಸುತ್ತೀರಿ. ಕಿಟ್ ಬಿಚ್ಚೋಕೆ ಪುರುಸೊತ್ತು ಕೊಡಿ ಅಂದರೆ ತರಬೇತಿಗೆ ಕರೆಯುತ್ತೀರಿ. ಹೇಳಿ ಹೇಳಿ ಸಾಕಾಗಿದೆ.

ಖಾಸಗಿ ಶಾಲೆಯ ಪೋಷಕರೂ ನಗಬೇಕಿಲ್ಲ. ನಿಮ್ಮಲ್ಲಿ ಆಟ ಅಂದರೆ ರಾತ್ರಿ ವಾಟ್ಸಾಪ್‌ಗೆ ಬರುವ ಆಜ್ಞೆ: ನಾಳೆ ಬೆಳಿಗ್ಗೆಗೆ ಐಸ್‌ಕ್ರೀಮ್ ಕಡ್ಡಿಯಲ್ಲಿ ಗಣಿತದ ಮಾದರಿ. ಅಪ್ಪ ಅಂಗಡಿ ಬಾಗಿಲು ಬಡಿದು ಫೆವಿಕಾಲ್ ತರುತ್ತಾನೆ, ಅಮ್ಮ ಬಣ್ಣ ಬಳಿಯುತ್ತಾಳೆ, ಮಗು ಆಗಲೇ ನಿದ್ದೆ ಹೋಗಿರುತ್ತದೆ. ಮಾರನೇ ದಿನ ಮಗುವಿಗೆ ಎ ಪ್ಲಸ್.