2047 ಪಕ್ಕಾ, ನಾಳೆ ನೋಡೋಣ

ನಮ್ಮದು ಇಂಡಿ ತಾಲೂಕು. ನಿಂಬೆ ತೋಟದ ಬದುವಿನಲ್ಲಿದ್ದ ಟೀಸಿ, ಅಂದರೆ ಪಂಪುಗಳಿಗೆ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರ್, ಸುಟ್ಟು ಇವತ್ತಿಗೆ ಹನ್ನೊಂದು ದಿನ. ಹೊಸದು ಯಾವಾಗ ಬರುತ್ತದೆ ಅಂತ ಕೇಳಲು ಆಫೀಸಿಗೆ ಹೋದರೆ, ಸಾಹೇಬರು ಮೊಬೈಲಿನಲ್ಲಿ ಸುದ್ದಿ ನೋಡುತ್ತಿದ್ದರು. 2047ಕ್ಕೆ ದೇಶದಲ್ಲಿ 100 ಗಿಗಾವ್ಯಾಟ್ ಅಣು ವಿದ್ಯುತ್ ಅಂತೆ. ಈಗ 10ರಷ್ಟೂ ಇಲ್ಲ, ಇರಲಿ. "ನಮ್ಮ ಟೀಸಿ ಸರ?" ಅಂದೆ. "ನಾಳೆ ನೋಡೋಣ" ಅಂದರು. ಇಪ್ಪತ್ತು ಚಿಲ್ಲರೆ ವರ್ಷ ಆಚೆಗಿನದು ಪಕ್ಕಾ, ನಾಳೆಯದು ಮಾತ್ರ ನೋಡೋಣ!

ಕೈಗಾ ಅಣು ಸ್ಥಾವರದ ಬಗ್ಗೆ ನನಗೆ ತಕರಾರಿಲ್ಲ. ಕಾಳಿ ನದಿ ದಂಡೆಯಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕ. ಅದರಲ್ಲಿ ಒಂದನೇ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮ ಓಡಿ, ಆಗ ಜಗತ್ತಿನ ದಾಖಲೆ ಮಾಡಿತು. ಯುರೇನಿಯಂ ಒಡೆದು, ಭಾರಜಲ ತುಂಬಿ, ಇಷ್ಟೆಲ್ಲ ಮಾಡಿ ಕಡೆಗೆ ಅವರು ಮಾಡುವುದೂ ನೀರು ಕಾಯಿಸುವುದೇ. ಹಬ್ಬದ ದಿನ ನಮ್ಮಜ್ಜಿ ಹಂಡೆಗೆ ಉರಿ ಹಾಕಿದ ಹಾಗೆ. ನಮ್ಮ ಜಿಲ್ಲೆಯ ಕೂಡಗಿಯಲ್ಲಿ ಅದೇ ಕೆಲಸಕ್ಕೆ ಕಲ್ಲಿದ್ದಲು, ಅದೂ 2400 ಮೆಗಾವ್ಯಾಟ್. ದೇಶದ ನೂರು ಯೂನಿಟ್ಟಿನಲ್ಲಿ ಅಣುವಿನದು ಮೂರರ ಆಸುಪಾಸು. ಇದನ್ನು ಚಹಾದಂಗಡಿಯಲ್ಲಿ ಹೇಳಿದೆ. "ಅಣು ಕರೆಂಟು ಶಾಕ್ ಜಾಸ್ತಿ ಹೊಡಿತೈತೇನು?" ಅಂತ ಒಬ್ಬ ಕೇಳಿದ. ಉಳಿದವರು ಅದನ್ನೇ ಅರ್ಧ ತಾಸು ಚರ್ಚೆ ಮಾಡಿದರು.

ಆದರೆ ಆ ಕರೆಂಟು ಘಟ್ಟ ಹತ್ತಿ, ದೊಡ್ಡ ದೊಡ್ಡ ಟವರು ದಾಟಿ, ಕರೆಂಟಿನ ಮಿಡಿತ ಸೆಕೆಂಡಿಗೆ 50, ಅಂದರೆ 50 ಹರ್ಟ್ಜ್, ಆಚೀಚೆ ಆಗದಂತೆ ಹಗಲು ರಾತ್ರಿ ಕಾಯುವವರ ಕೈಯಿಂದ ಪಾರಾಗಿ ನಮ್ಮ ಕಂಬಕ್ಕೆ ಬರುತ್ತದಲ್ಲ, ಅಲ್ಲಿಂದ ಮುಂದೆ ದೇವರೇ ಗತಿ. ಕೈಗಾದಲ್ಲಿ ಸುರಕ್ಷತೆಗೆ ಒಂದರ ಮೇಲೊಂದು ಗೋಡೆ. ಇಲ್ಲಿ ಪಕ್ಕಡಿನ ಹಿಡಿಕೆಗೆ ಸುತ್ತಿದ ಸೈಕಲ್ ಟ್ಯೂಬು. ಟೀಸಿ ಸುಡುವ ಮುಂಚೆ, ಅದರ ಫ್ಯೂಸ್ ಹೋದಾಗ ಒಬ್ಬ ಹುಡುಗ ಬಿದಿರಿನ ಕೋಲಿನಿಂದ ಸ್ವಿಚ್ ಎಳೆದು, ಹಳೇ ವೈರಿನ ಎಳೆ ಬಿಚ್ಚಿಕೊಂಡು ಕೇಳಿದ: "ಒಂದ್ ಎಳಿ ಹಾಕ್ಲೋ, ಮೂರ್ ಹಾಕ್ಲೋ?"

"ಮೂರ್ ಹಾಕಪಾ, ಮತ್ ಹೋಗಬಾರ್ದು" ಅಂದೆವು. ಹೌದು, ನಾನೂ ಅಂದೆ.

ರಾತ್ರಿ ಎರಡಕ್ಕೆ ತ್ರೀ ಫೇಸ್ ಬಂತು. ಆ ಟೀಸಿ ನಂಬಿದ ಎಂಟೂ ಜನರ ಪಂಪಿನ ಆಟೋ ಸ್ಟಾರ್ಟರ್ ಒಟ್ಟಿಗೇ ಟಪ್ ಅಂದವು. ಫ್ಯೂಸ್ ಹೋಗಲಿಲ್ಲ. ಮಾತು ಉಳಿಸಿಕೊಂಡಿತು. ಅದರ ಬದಲು ಟೀಸಿ ಹೋಯಿತು.

ಇವತ್ತು ಆಫೀಸಿನಿಂದ ಫೋನ್ ಬಂದಿತ್ತು. ಸುಟ್ಟ ಟೀಸಿಯನ್ನು ನಾವೇ ಇಳಿಸಿ, ನಮ್ಮದೇ ಟ್ರ್ಯಾಕ್ಟರಿನಲ್ಲಿ ತಂದು ಕೊಡಬೇಕಂತೆ. ಎಂಟು ಜನ ಪಟ್ಟಿ ಹಾಕಿದ್ದೇವೆ. ಡೀಸೆಲ್ ನಮ್ಮದು, ಹಗ್ಗ ನಮ್ಮದು, ಹೆಗಲೂ ನಮ್ಮದು. ಯುರೇನಿಯಂ ಮಾತ್ರ ಸದ್ಯಕ್ಕೆ ಕೇಳಿಲ್ಲ.